ಗ್ಯಾಲರಿಯ ಹಲಗೆ ಮತ್ತು ಆರ್ಚಿಬಾಲ್ಡ್ ಲೀಚ್

ಕೆಲವು ವರ್ಷಗಳ ಹಿಂದೆ, ಕಾಫಿ ಗಿಡಗಳನ್ನು ಅರಳಿಸುವ ಹೂಮಳೆ ರಾತ್ರಿಯಿಡೀ ಸುರಿದಿದ್ದ ಏಪ್ರಿಲ್‌ನ ಒಂದು ದಿನ, ಕೊಡವ ಕುಟುಂಬಗಳ ಹಾಕಿ ಪಂದ್ಯ ನೋಡಲು ತಾತ್ಕಾಲಿಕ ಗ್ಯಾಲರಿಯ ಮೇಲಿನ ಸಾಲಿನಲ್ಲಿ ಕುಳಿತಿದ್ದೆ. ಗೋಲಾದೊಡನೆ ಎಲ್ಲರೂ ಒಮ್ಮೆಲೇ ಎದ್ದಾಗ ನನ್ನ ಕಾಲಡಿಯ ಒದ್ದೆ ಹಲಗೆ ಬಳುಕಿ ಕಿರ್ರೆಂದಿತು. ಅನಾಹುತವೇನೂ ಆಗಲಿಲ್ಲವಾದರೂ ಬ್ರಿಟನ್ನಿನ ಫುಟ್‌ಬಾಲ್ ಮೈದಾನಗಳ ವಿನ್ಯಾಸಕಾರ ಆರ್ಚಿಬಾಲ್ಡ್ ಲೀಚ್ ಅವರ ಬದುಕಿನ ಬಗ್ಗೆ ಓದುವಾಗಲೆಲ್ಲ ಆ ಸದ್ದು ನೆನಪಾಗುತ್ತದೆ.

1865ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದ ಲೀಚ್ ಮೊದಲು ಕಾರ್ಖಾನೆಗಳ ವಿನ್ಯಾಸಕಾರ. ಸಿಲೋನಿನ ಚಹಾ ಕಾರ್ಖಾನೆಗಳಿಗೂ ಅವರು ಕೆಲಸ ಮಾಡಿದ್ದರು ಎಂಬುದು ಕಾಫಿ ಕಣದಲ್ಲಿ ಆಡಿ ಬೆಳೆದ ನನಗೆ ಅವರನ್ನು ಹತ್ತಿರದವರನ್ನಾಗಿಸಿತು. ಅವರು ರೂಪಿಸಿದ್ದ ಗ್ಲಾಸ್ಗೋದ ಐಬ್ರಾಕ್ಸ್ ಮೈದಾನದಲ್ಲಿ 1902ರ ಏಪ್ರಿಲ್ 5ರಂದು ಸ್ಕಾಟ್ಲೆಂಡ್–ಇಂಗ್ಲೆಂಡ್ ಫುಟ್‌ಬಾಲ್ ಪಂದ್ಯ ನಡೆಯುತ್ತಿದ್ದಾಗ, ಉಕ್ಕಿನ ಕಂಬಗಳ ಮೇಲೆ ಮರದ ಹಲಗೆ ಹಾಸಿದ್ದ ಅಟ್ಟಣೆ ಮುರಿದು ಬಿತ್ತು. ಹಿಂದಿನ ರಾತ್ರಿ ಅಲ್ಲಿಯೂ ಜೋರು ಮಳೆಯಾಗಿತ್ತು. 25 ಮಂದಿ ಸತ್ತರು, 500ಕ್ಕೂ ಹೆಚ್ಚು ಜನ ಗಾಯಗೊಂಡರು. ಕಳಪೆ ಮರ ಬಳಸಿದ ಆರೋಪ ಹೊತ್ತ ಗುತ್ತಿಗೆದಾರ ನ್ಯಾಯಾಲಯದಲ್ಲಿ ಖುಲಾಸೆಯಾದ.

ಲೀಚ್ ಈ ಕೆಲಸ ಬಿಟ್ಟು ಓಡಲಿಲ್ಲ ಎಂಬುದೇ ನನಗೆ ಮುಖ್ಯ. ಅದೇ ಮೈದಾನವನ್ನು ಮತ್ತೆ ಕಟ್ಟಿದರು. ಪ್ರೇಕ್ಷಕರು ನಿಲ್ಲುವ ಮೆಟ್ಟಿಲುಗಳು ಎತ್ತರದ ಮರದ ಅಟ್ಟಣೆಯನ್ನು ಬಿಟ್ಟು ಮಣ್ಣಿನ ದಿಬ್ಬಕ್ಕೆ ಇಳಿದವು. ಜನರ ನೂಕು ಒಂದೇ ಕಡೆ ಬೀಳದಂತೆ ತಡೆಯುವ ಕಬ್ಬಿಣದ ಅಡ್ಡಗಂಬಿಗಳಿಗೆ ಅವರು ಪೇಟೆಂಟ್ ಪಡೆದರು. ಇಂಗ್ಲೆಂಡಿನ ಫುಟ್‌ಬಾಲ್ ಮೈದಾನಗಳಾದ ಓಲ್ಡ್ ಟ್ರಾಫರ್ಡ್, ಗುಡಿಸನ್ ಪಾರ್ಕ್, ವಿಲ್ಲಾ ಪಾರ್ಕ್ ಎಲ್ಲವೂ ಅವರ ಕೈಯಲ್ಲಿ ರೂಪ ಪಡೆದವು. ಐಬ್ರಾಕ್ಸ್‌ನಲ್ಲಿ 1929ರಲ್ಲಿ ಅವರ ವಿನ್ಯಾಸದಂತೆ ಎದ್ದ ಇಟ್ಟಿಗೆಯ ಮುಖದ ಸ್ಟ್ಯಾಂಡ್ ಇಂದಿಗೂ ನಿಂತಿದೆ. 1939ರಲ್ಲಿ ಅವರು ತೀರಿಕೊಂಡರು.

ನಮ್ಮ ಕೊಡವ ಕುಟುಂಬಗಳ ಹಾಕಿ ಉತ್ಸವ 1997ರಲ್ಲಿ ಕೊಡಗಿನ ಕರಡದಲ್ಲಿ ಆರಂಭವಾಗಿ, 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಆಡುವಷ್ಟು ಬೆಳೆದಿದೆ. ಆತಿಥ್ಯ ವಹಿಸುವ ಕುಟುಂಬಗಳ ದುಡಿಮೆ ಎಷ್ಟೆಂದು ಹತ್ತಿರದಿಂದ ಬಲ್ಲೆ; ಅದಕ್ಕಾಗಿಯೇ ಈ ಮಾತು ಹೇಳುತ್ತಿದ್ದೇನೆ. ಮೈದಾನದ ಪಕ್ಕದಲ್ಲಿ ಗಟ್ಟಿ ಬರೆ, ಅಂದರೆ ಮಣ್ಣಿನ ಇಳಿಜಾರು, ಇರುವಲ್ಲಿ ಅದನ್ನೇ ಮೆಟ್ಟಿಲಾಗಿ ಕಡಿದು ನೀರು ಹೋಗಲು ಚರಂಡಿ ಮಾಡಬಹುದು. ಗ್ಯಾಲರಿ ಬೇಕೇ ಬೇಕಾದಲ್ಲಿ ಮೊದಲ ಪಂದ್ಯಕ್ಕೆ ಮುನ್ನ ಇಂಜಿನಿಯರ್ ಒಬ್ಬರು ಪರೀಕ್ಷಿಸಿ, ಎಷ್ಟು ಜನ ಹತ್ತಬಹುದೆಂದು ಬರೆದು ತೂಗುಹಾಕಲಿ, ಮತ್ತು ಮಳೆ ಬಿದ್ದ ಮರುದಿನ ಬೆಳಿಗ್ಗೆ, ಜನ ಬರುವ ಮೊದಲೇ, ಪ್ರತಿ ಹಲಗೆಯನ್ನೂ ಪ್ರತಿ ಬೋಲ್ಟನ್ನೂ ಇನ್ನೊಮ್ಮೆ ಮುಟ್ಟಿ ನೋಡಲಿ.