ಎವರೇಜ್ ಎಷ್ಟು?

ಗೋಲ ಗುಮ್ಮಟದೊಳಗೆ ಒಂದು ಸಲ ಚಪ್ಪಾಳೆ ತಟ್ಟಿದರೆ ಏಳು ಸಲ ಕೇಳಿಸುತ್ತದೆ ಎನ್ನುತ್ತಾರೆ. ನಾನು ಎಣಿಸಲು ಹೋದಾಗಲೆಲ್ಲ ಶಾಲಾ ಪ್ರವಾಸಕ್ಕೆ ಬಂದ ಮಕ್ಕಳ ಕೂಗಾಟದಲ್ಲಿ ಲೆಕ್ಕ ತಪ್ಪಿದೆ. ಆದರೆ ವಿಜಯಪುರದ ಯಾವುದೇ ಚಹಾದ ಅಂಗಡಿಯ ಮುಂದೆ ಒಂದು ದೊಡ್ಡ ಮೋಟರ್ ಸೈಕಲ್ ನಿಲ್ಲಿಸಿದರೆ ‘ಎವರೇಜ್ ಎಷ್ಟು ಕೊಡುತ್ತದೆ?’ ಎಂಬ ಪ್ರಶ್ನೆ ಏಳಕ್ಕೆ ನಿಲ್ಲುವುದಿಲ್ಲ. ಇದನ್ನು ಎಣಿಸಿಯೇ ಹೇಳುತ್ತಿದ್ದೇನೆ.

ನಮ್ಮ ಕಡೆ ಎವರೇಜ್ ಎಂದರೆ ಒಂದು ಲೀಟರ್ ಪೆಟ್ರೋಲಿಗೆ ಗಾಡಿ ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬುದು, ಅಷ್ಟೆ. ಇಪ್ಪತ್ತು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಸರಾಸರಿ ಕಲಿಸುತ್ತಿರುವ ನನಗೆ ಈ ಪದ ಪೆಟ್ರೋಲ್ ಬಂಕಿನ ಪಾಲಾದದ್ದು ಹಳೆಯ ನೋವು. ಐದು ವಿಷಯಗಳ ಎವರೇಜ್ ಅಂಕ ಕಂಡುಹಿಡಿ ಎಂದರೆ ಹಿಂದಿನ ಬೆಂಚಿನಿಂದ ‘ಲೀಟರಿಗಾ ಸರ್?’ ಎಂದು ಕೇಳಿದ ಶಿಷ್ಯರಿದ್ದಾರೆ. ಅವರಲ್ಲಿ ಒಬ್ಬ ಈಗ ಟ್ರ್ಯಾಕ್ಟರ್ ಮಾರುತ್ತಾನೆ, ನನಗಿಂತ ಚೆನ್ನಾಗಿದ್ದಾನೆ.

ನಲವತ್ತೇಳನೆಯ ವಯಸ್ಸಿಗೆ ಜನ ಸಾಮಾನ್ಯವಾಗಿ ಸಕ್ಕರೆ ಪರೀಕ್ಷೆ ಮಾಡಿಸುತ್ತಾರೆ. ನಾನು ಅಡ್ವೆಂಚರ್ ಬೈಕ್ ಕೊಂಡೆ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 411 ಸಿಸಿ. ಮುಂದಿನ ಗಾಲಿ 21 ಇಂಚು, ಹೊಟ್ಟೆಯ ಕೆಳಗೆ ನೆಲಕ್ಕೆ 220 ಮಿ.ಮೀ. ತೆರಪು, ತೂಕ 200 ಕೆ.ಜಿ.ಗೆ ಒಂದೇ ಕೆ.ಜಿ. ಕಡಿಮೆ. ಅದಕ್ಕೆ ಎರಡೂ ಮಗ್ಗುಲಿಗೆ ತಗಡಿನ ಪೆಟ್ಟಿಗೆಗಳನ್ನು ಬೇರೆ ಕೂಡಿಸಿದೆ. ‘ಹಾಲಿನ ವರ್ತನೆ ಯಾವಾಗಿನಿಂದ ರೀ?’ ಎಂದು ಹೆಂಡತಿ ಕೇಳಿದಳು. ಹೊಲದಲ್ಲೂ ರಸ್ತೆಯಲ್ಲೂ ಓಡುವ ಇಂಥ ಗಾಡಿಗಳ ಮನೆತನಕ್ಕೆ ಮೂಲಪುರುಷ 1980ರಲ್ಲಿ ಬಂದ ಬಿಎಂಡಬ್ಲ್ಯು ಆರ್80 ಜಿ/ಎಸ್, ಮರುವರ್ಷವೇ ಅದು ಪ್ಯಾರಿಸ್–ಡಕಾರ್ ರ್‍ಯಾಲಿಯಲ್ಲಿ ಮರುಭೂಮಿ ದಾಟಿ ಗೆದ್ದಿತು ಎಂದೆಲ್ಲ ವಿವರಿಸಿದೆ. ‘ಅಲ್ಲಿ ಕಾಯಿಪಲ್ಲೆ ಸಂತೆ ಇರಲಿಲ್ಲವಲ್ಲ’ ಎಂದಳು. ಇದು ಅರ್ಥವಾಗಲು ನನಗೆ ಎರಡು ದಿನ ಹಿಡಿಯಿತು. ಗಾಡಿ ಪೆಟ್ಟಿಗೆಗಳೊಂದಿಗೆ ಎಷ್ಟು ಅಗಲವಾಗಿದೆ ಎಂಬುದು ನನ್ನ ಮೊಣಕಾಲಿಗೆ ಗೊತ್ತಿರಲಿಲ್ಲ. ಮಾರುಕಟ್ಟೆಯ ಓಣಿಯಲ್ಲಿ ಎಡಗಡೆಯ ಪೆಟ್ಟಿಗೆ ಒಂದು ತಳ್ಳುಗಾಡಿಗೆ ತಾಗಿ, ಬಾರೆಹಣ್ಣಿನ ಗುಡ್ಡೆ ರಸ್ತೆಯ ಉದ್ದಕ್ಕೂ ಉರುಳಿತು. ಓಣಿಯ ಹುಡುಗರೆಲ್ಲ ಆರಿಸಿಕೊಡಲು ಬಂದರು, ಅರ್ಧ ಆರಿಸಿಕೊಟ್ಟರು. ಉಳಿದರ್ಧದ ಹಣ ನಾನು ಕೊಟ್ಟೆ. ಹಣ ಎಣಿಸಿಕೊಳ್ಳುತ್ತ ಆ ತಾಯಿ, ‘ಎವರೇಜ್ ಎಷ್ಟಪ್ಪಾ?’ ಎಂದಳು.

ನಮ್ಮ ಮನೆಯಲ್ಲಿ ಇನ್ನೊಂದು ಗಾಡಿಯೂ ಇದೆ. ಬಾದಾಮಿಯ ಅಕ್ಕನ ಮಗ ಇಲ್ಲಿಯೇ ಇದ್ದು ಎಂಜಿನಿಯರಿಂಗ್ ಓದುತ್ತಾನೆ. ಅವನದು ಯಮಹಾ ಆರ್15, 155 ಸಿಸಿಯ ಸ್ಪೋರ್ಟ್ಸ್ ಬೈಕ್. ಹಿಡಿಕೆಗಳು ಎಷ್ಟು ಕೆಳಗಿವೆಯೆಂದರೆ, ಅಳಿಯ ಅದರ ಮೇಲೆ ಕೂತಾಗ ಬಿದ್ದ ನಾಣ್ಯ ಹುಡುಕುತ್ತಿರುವಂತೆ ಕಾಣುತ್ತಾನೆ. ವಿಚಿತ್ರವೆಂದರೆ ಅದರ ಆಸನ 815 ಮಿ.ಮೀ. ಎತ್ತರ, ನನ್ನದು 800. ಅಂದರೆ ಅವನೇ ನನಗಿಂತ ಮೇಲೆ ಕೂತಿರುತ್ತಾನೆ, ಆದರೂ ಜನ ನನ್ನನ್ನೇ ಆನೆಯ ಮೇಲಿನವನಂತೆ ನೋಡುತ್ತಾರೆ.

‘ಮಾಮಾ, ನಿಮ್ಮದು ಭಾರ ಹೊರುವ ಗಾಡಿ, ನನ್ನದು ಓಡುವ ಗಾಡಿ’ ಎಂಬುದು ಅವನ ವಾದ. ಸೊಲ್ಲಾಪುರ ದಾರಿಯ ಚತುಷ್ಪಥದಲ್ಲಿ ತಾನು 130 ಮುಟ್ಟಿದ್ದೆ ಎಂದು ಒಂದು ದಿನ ಊಟಕ್ಕೆ ಕೂತಾಗ ಬಾಯಿಬಿಟ್ಟು, ಅತ್ತೆಯಿಂದ ಬೈಸಿಕೊಂಡ. ನಾನು ಬೈಯುವುದರ ಬದಲು ಸ್ಪೀಡೋಮೀಟರ್ ಬಗ್ಗೆ ಪಾಠ ಮಾಡಿದೆ. ಅದು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಕೂಡದು ಎಂದು ನಿಯಮವಿರುವುದರಿಂದ ತಯಾರಿಸುವವರು ತುಸು ಹೆಚ್ಚೇ ತೋರಿಸುವಂತೆ ಮಾಡಿರುತ್ತಾರೆ. ವರನ ಸಂಬಳ ಹೇಳುವ ಬೀಗರಂತೆ. ಅಳಿಯ ರೊಟ್ಟಿ ಮುರಿಯುತ್ತ, ‘ಹಾಗಾದರೆ ನಿಮ್ಮ 90 ಎಷ್ಟು ಮಾಮಾ?’ ಎಂದ.

ನಿಜ ಹೇಳಬೇಕೆಂದರೆ ಕಾಗದದ ಮೇಲೆ ಎರಡೂ ಗಾಡಿಗಳು ಅಣ್ಣತಮ್ಮಂದಿರು. ನನ್ನದು ಸುಮಾರು 24 ಅಶ್ವಶಕ್ತಿ, ಅವನದು 18. ಆದರೆ ಅವನ ಗಾಡಿಯ ತೂಕ 142 ಕೆ.ಜಿ. ಮಾತ್ರ. ಭಾಗಿಸಿ ನೋಡಿದರೆ ನೂರು ಕೆ.ಜಿ.ಗೆ ನನಗೂ ಅವನಿಗೂ 12 ಅಶ್ವಶಕ್ತಿ ಚಿಲ್ಲರೆ. ಸವಾರರನ್ನು ಕೂಡಿಸಿ ಭಾಗಿಸಿದರೆ ಉತ್ತರ ಏನಾಗುತ್ತದೆ ಎಂಬುದನ್ನು ಬರೆಯುವುದಿಲ್ಲ. ನನ್ನ ತೂಕ ನನ್ನ ಖಾಸಗಿ ವಿಷಯ. ಇನ್ನು ಗಾಳಿ. ವೇಗ ಎರಡು ಪಟ್ಟಾದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಅವನು ಗಾಜಿನ ಹಿಂದೆ ಮಲಗಿ ನುಸುಳುತ್ತಾನೆ. ನಾನು ಎದೆ ಸೆಟೆಸಿ, ಎರಡು ಪೆಟ್ಟಿಗೆ ಚಾಚಿ, ಗಾಳಿಗೆ ಎದುರಾಗಿ ಕದ ಹಿಡಿದು ನಿಂತವನಂತೆ ಹೋಗುತ್ತೇನೆ.

ಬನದ ಹುಣ್ಣಿಮೆ ಬಂತು. ಬಾದಾಮಿಯ ಬನಶಂಕರಿ ಜಾತ್ರೆಗೆ ಹೆಂಡತಿ ಹಿಂದಿನ ದಿನವೇ ಬಸ್ಸಿನಲ್ಲಿ ಹೋಗಿದ್ದಳು. ಹೋಗುವಾಗ ಎರಡು ಆಜ್ಞೆ ಹೊರಡಿಸಿದ್ದಳು: ಇಬ್ಬರೂ 80 ದಾಟಕೂಡದು, ಬರುವಾಗ ಕೊಲ್ಹಾರದ ಮೊಸರು ತರಬೇಕು. ಅಳಿಯನಿಗೂ ನನಗೂ ಪಂದ್ಯ ಬಿತ್ತು. ಹಿಂದೆ ಉಳಿದವನು ಮನೆಮಂದಿಗೆಲ್ಲ ಜಾತ್ರೆಯ ಕಂಪನಿ ನಾಟಕದ ಟಿಕೆಟ್ ತೆಗೆಸಬೇಕು.

ಗೆಲುವು ನನ್ನದೇ ಎಂಬುದಕ್ಕೆ ಕ್ಯಾಲೆಂಡರ್ ಹಾಳೆಯ ಹಿಂದೆ ಪುರಾವೆ ಬರೆದಿದ್ದೆ. ದಾರಿ ಸುಮಾರು 120 ಕಿ.ಮೀ. ಅರ್ಧ ಒಳ್ಳೆಯದು, ಅರ್ಧ ಕೆಟ್ಟದ್ದು ಎಂದುಕೊಳ್ಳೋಣ. ಕೆಟ್ಟ 60 ಕಿ.ಮೀ.ಯನ್ನು 40ರ ವೇಗದಲ್ಲಿ ದಾಟಲು ಒಂದೂವರೆ ತಾಸು, ಒಳ್ಳೆಯ 60ನ್ನು 80ರಲ್ಲಿ ದಾಟಲು ಮುಕ್ಕಾಲು ತಾಸು. ಈಗ ಒಳ್ಳೆಯ ರಸ್ತೆಯಲ್ಲಿ ಒಬ್ಬ ಪ್ರಾಣ ಒತ್ತೆಯಿಟ್ಟು 100ರಲ್ಲಿ ಹೋದ ಎನ್ನಿ. ಉಳಿಯುವುದು ಒಂಬತ್ತು ನಿಮಿಷ. ಅದೇ ಇನ್ನೊಬ್ಬ ಕೆಟ್ಟ ರಸ್ತೆಯಲ್ಲಿ 40ರ ಬದಲು 50ರಲ್ಲಿ ಹೋದರೆ ಹದಿನೆಂಟು ನಿಮಿಷ ಉಳಿಯುತ್ತದೆ. ವೇಗದ ಗಾಡಿ ಎಂದರೆ ಜೋರಾಗಿ ಓಡುವುದಲ್ಲ, ನಿಧಾನವಾಗಬೇಕಾದಲ್ಲಿ ಕಡಿಮೆ ನಿಧಾನವಾಗುವುದು. ಹಾಗಾಗಿ ಗುಂಡಿ ನುಂಗುವ ಉದ್ದನೆಯ ಶಾಕ್ ಅಬ್ಸಾರ್ಬರ್ ಇರುವ ನನ್ನ ಗಾಡಿಯೇ ಈ ರಸ್ತೆಗೆ ಸ್ಪೋರ್ಟ್ಸ್ ಬೈಕ್. ಈ ಗಣಿತ ತಪ್ಪೆಂದು ಇಂದಿಗೂ ಯಾರೂ ಸಾಧಿಸಿಲ್ಲ.

ಬೆಳಿಗ್ಗೆ ಏಳಕ್ಕೆ ಸರಿಯಾಗಿ ಹೊರಟೆವು. ಮೊದಲ ಕೆಲವು ಊರುಗಳಲ್ಲಿ ಪ್ರಮೇಯ ಪುಸ್ತಕದಲ್ಲಿದ್ದಂತೆಯೇ ನಡೆಯಿತು. ರಸ್ತೆಯ ಉಬ್ಬು ಹೇಗಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಬರೆದಿಟ್ಟಿದೆ: 3.7 ಮೀಟರ್ ಉದ್ದ, 10 ಸೆಂ.ಮೀ. ಎತ್ತರ, 25ರ ವೇಗದಲ್ಲಿ ಹಾಯಾಗಿ ದಾಟುವಂಥದ್ದು. ಒಳಊರುಗಳ ಉಬ್ಬುಗಳನ್ನು ಊರಿನವರೇ ರಾತ್ರಿ ಕೂತು ಕಟ್ಟಿರುತ್ತಾರೆ. ಅವು ಪುಸ್ತಕ ಓದಿದಂಥವಲ್ಲ. ಅಳಿಯ ಒಂದೊಂದರ ಮುಂದೆಯೂ ನಿಂತು, ಓರೆಯಾಗಿ ಹತ್ತಿ, ಹೊಟ್ಟೆ ಉಜ್ಜದಂತೆ ಇಳಿಸುತ್ತಿದ್ದ. ನಾನು ಪೆಡಲಿನ ಮೇಲೆ ಎದ್ದು ನಿಂತು ದಾಟಿದೆ. ಎದ್ದು ನಿಲ್ಲುವುದು ಅಡ್ವೆಂಚರ್ ಸವಾರಿಯ ಶಾಸ್ತ್ರೋಕ್ತ ವಿಧಾನ. ಚಹಾದ ಅಂಗಡಿಯ ಕಟ್ಟೆಯಿಂದ ಯಾರೋ, ‘ಮಾಸ್ತರರೇ, ಕುರು ಎದ್ದಿದೆಯೇ?’ ಎಂದು ಕೂಗಿದರು.

ಅಳಿಯನ ಕಷ್ಟ ನೋಡಿ ಒಮ್ಮೆ ಪಾಪವೆನಿಸಿತು. ಜನವರಿಯಲ್ಲಿ ನಮ್ಮ ಕಡೆಯ ಡಾಂಬರು ರಸ್ತೆ ಅರ್ಧ ರಸ್ತೆ, ಅರ್ಧ ಕಣ. ತೊಗರಿ ಕಟ್ಟಿಗೆಯನ್ನು ಹರವಿಬಿಡುತ್ತಾರೆ, ಹೋಗಿ ಬರುವ ಲಾರಿ, ಬಸ್ಸುಗಳು ಬಿಟ್ಟಿಯಾಗಿ ಒಕ್ಕಣೆ ಮಾಡುತ್ತವೆ. ಅದರ ಮೇಲೆ ಹಾಯ್ದ ಅಳಿಯನ ಚೈನಿಗೆ ತೊಗರಿ ಸುತ್ತಿಕೊಂಡಿತು. ಹೊಲದ ಅಜ್ಜಿ ಬಂದು ಎಳೆದೆಳೆದು ಬಿಡಿಸಿ, ಉದುರಿದ ಕಾಳನ್ನು ಸೆರಗಿಗೆ ಹಾಕಿಕೊಂಡು ಎವರೇಜ್ ವಿಚಾರಿಸಿದಳು. ನಾನು ಕೈಬೀಸಿ ಮುಂದೆ ಹೋದೆ. ಕೊಲ್ಹಾರಕ್ಕೆ ಬಂದಾಗ ಅವನು ಕನ್ನಡಿಯಲ್ಲಿ ಕಾಣುತ್ತಿರಲಿಲ್ಲ.

ಇಲ್ಲಿಂದ ಮುಂದೆ ಪ್ರಮೇಯಕ್ಕೆ ಸೇರಿಸದಿದ್ದ ಸಂಗತಿಗಳು ಶುರುವಾದವು. ಕೊಲ್ಹಾರದಲ್ಲಿ ಮಣ್ಣಿನ ಕುಡಿಕೆಯ ಮೊಸರು ಕೊಳ್ಳಲು ಎರಡು ನಿಮಿಷ ಸಾಕು. ಗಾಡಿಯ ಬಗ್ಗೆ ಹೇಳಲು ಇಪ್ಪತ್ತೆರಡು ನಿಮಿಷ ಹಿಡಿಯಿತು. ಬೆಲೆ ಎಷ್ಟು, ಎವರೇಜ್ ಎಷ್ಟು, ಅಷ್ಟು ಕೊಟ್ಟು ಇಷ್ಟೇ ಎವರೇಜೇ, ಪೆಟ್ಟಿಗೆಯಲ್ಲಿ ಏನಿದೆ, ಲಡಾಖಿಗೆ ಹೋಗುತ್ತೀರಾ, ಬಾದಾಮಿಗೆ ಹೋಗಲು ಇದೇಕೆ ಬೇಕು. ಒಬ್ಬರು ಮಗುವನ್ನು ಟಾಂಕಿಯ ಮೇಲೆ ಕೂಡಿಸಿ ಫೋಟೋ ತೆಗೆದರು. ಇನ್ನೊಬ್ಬರು ತಾವೇ ಕೂತರು. ಅಷ್ಟರಲ್ಲಿ ಅಳಿಯನ ಗಾಡಿ ನಮ್ಮ ಪಕ್ಕದಿಂದ ಸುಂಯ್ ಎಂದು ಹೋಯಿತು. ಅದನ್ನು ಯಾರೂ ನಿಲ್ಲಿಸುವುದಿಲ್ಲ. ಸ್ಪೋರ್ಟ್ಸ್ ಬೈಕಿನ ಹುಡುಗ ಎಂದರೆ ಜನ ದಾರಿ ಬಿಡುತ್ತಾರೆ, ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅವನು ಇರುವುದೇ ಇಲ್ಲ. ಅಡ್ವೆಂಚರ್ ಬೈಕಿನ ಮಾಸ್ತರನದು ಸಾರ್ವಜನಿಕ ಆಸ್ತಿ.

ನಾಲ್ಕು ಕುಡಿಕೆ ಮೊಸರನ್ನು ಬಲಗಡೆಯ ಪೆಟ್ಟಿಗೆಯಲ್ಲಿ ಟವೆಲ್ ಸುತ್ತಿ ಇಟ್ಟೆ. ಕೃಷ್ಣೆಯ ಹಿನ್ನೀರಿನ ಮೇಲಿನ ಉದ್ದನೆಯ ಸೇತುವೆಯ ಮೇಲೆ ಕಳೆದ ಮಾನ ಸ್ವಲ್ಪ ಮರಳಿತು. ಆಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಒಂದೊಂದಕ್ಕೂ ಎರಡೆರಡು ಟ್ರೇಲರ್, ಅವುಗಳ ಅಂಚು ಮೀರಿ ಹೊರಗೆ ಚಾಚಿದ ಕಬ್ಬು, ಮುಂದಿನ ಚಾಲಕನಿಗೆ ಹಿಂದಿನ ಲೋಕ ಕೇಳಿಸದಷ್ಟು ಜೋರಾಗಿ ಹಾಡು. ಅಳಿಯನಂಥವರು ಸಂದು ನೋಡಿ ನುಸುಳಿದ್ದರು. ನನ್ನ ಪೆಟ್ಟಿಗೆಗಳಿಗೆ ಬಾರೆಹಣ್ಣಿನ ನೆನಪಿತ್ತು. ಟ್ರ್ಯಾಕ್ಟರಿನ ಹಿಂದೆ 18ರ ವೇಗದಲ್ಲಿ ಹೋಗುವಾಗ 24 ಅಶ್ವಶಕ್ತಿಯೂ ಒಂದೇ, ಒಂದು ಎತ್ತೂ ಒಂದೇ.

ಆಗ ಎಡಕ್ಕೆ ಒಂದು ಬಂಡಿದಾರಿ ಕಂಡಿತು. ಮೊಬೈಲಿನ ನಕ್ಷೆಯಲ್ಲಿ ಅದು ಮುಂದೆ ಹೋಗಿ ಹೆದ್ದಾರಿಗೇ ಕೂಡುತ್ತಿತ್ತು. ಮರುಭೂಮಿ ದಾಟಿದ ವಂಶದ ಗಾಡಿ ಇದಲ್ಲದೆ ಇನ್ನೆಲ್ಲಿ ಹೋಗಬೇಕು? ಇಳಿಸಿದೆ. ಒಂದು ಕಿಲೋಮೀಟರ್ ಸುಖವಾಗಿತ್ತು. ಎರಡನೆಯದರಲ್ಲಿ ಯಾರೋ ಕಬ್ಬಿನ ಗದ್ದೆಗೆ ನೀರು ಹಾಯಿಸಿದ್ದರು, ನೀರು ಬದು ಒಡೆದು ದಾರಿಗೆ ಬಂದಿತ್ತು. ದಾರಿ ಎರೆ ಮಣ್ಣಿನದು.

ಎರೆ ಮಣ್ಣನ್ನು ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಅದು ಕೆಸರಲ್ಲ, ನೆಂಟಸ್ತನ. ಮೊದಲು ಟೈರಿನ ಗೀರುಗಳು ತುಂಬಿದವು, ಆಮೇಲೆ ಗಾಲಿ ದಪ್ಪವಾಯಿತು, ಆಮೇಲೆ ಗಾಲಿಗೂ ಮಡ್‌ಗಾರ್ಡಿಗೂ ನಡುವಿನ ಸಂದು ಮೆತ್ತಿಕೊಂಡು ಮುಂದಿನ ಗಾಲಿ ತಿರುಗುವುದನ್ನೇ ಬಿಟ್ಟಿತು. ಕಾಲು ಊರಿದೆ; ಕಾಲು ಹೋಯಿತು. ಗಾಡಿ ಮೆಲ್ಲಗೆ, ಸಭ್ಯವಾಗಿ, ಬಲಕ್ಕೆ ಮಲಗಿತು. ಬಲಕ್ಕೆ ಮೊಸರಿತ್ತು.

ಸಲಿಕೆ ಹೊತ್ತುಕೊಂಡು ಬಂದ ರೈತರೊಬ್ಬರು ಮೊದಲು ನನ್ನನ್ನು ಎತ್ತಿದರು, ಆಮೇಲೆ ಗಾಡಿಯನ್ನು. ‘ಇದು ಎಂಥ ದಾರಿಯಲ್ಲೂ ಹೋಗುತ್ತದೆಯಂತಲ್ಲ ಸಾಹೇಬರೇ?’ ಎಂದರು. ವ್ಯಂಗ್ಯವಲ್ಲ, ನಿಜವಾದ ಕುತೂಹಲ. ಅದೇ ಹೆಚ್ಚು ಚುಚ್ಚಿತು. ಇಬ್ಬರೂ ಕೂಡಿ ಕಬ್ಬಿನ ತುಂಡುಗಳಿಂದ ಮಣ್ಣು ತಿವಿದು ತಿವಿದು ತೆಗೆದೆವು. ಅವರು ಅರ್ಧ ಕಬ್ಬು ಮುರಿದು ನನಗೆ ತಿನ್ನಲೂ ಕೊಟ್ಟರು. ಪೆಟ್ಟಿಗೆ ತೆರೆದರೆ ಎರಡು ಕುಡಿಕೆ ಒಡೆದಿದ್ದವು. ಉಳಿದೆರಡರಲ್ಲಿ, ಬಂಡಿದಾರಿಯ ಕುಲುಕಾಟಕ್ಕೆ ಮೊಸರು ಕದಡಿ ಮೇಲೆ ಬೆಣ್ಣೆಯ ಹರಳು ಕಾಣುತ್ತಿತ್ತು. ಮೂರು ಲಕ್ಷ ಹತ್ತಿರದ ಕಡಗೋಲು. ಬಂದ ದಾರಿಯಲ್ಲೇ ಹಿಂದಿರುಗಿ ಹೆದ್ದಾರಿ ಹತ್ತಿದಾಗ ಅದೇ ಟ್ರ್ಯಾಕ್ಟರ್ ಇರಲಿಲ್ಲ, ಅಂಥದೇ ಇನ್ನೊಂದಿತ್ತು.

ಅನಗವಾಡಿಯ ಘಟಪ್ರಭೆಯ ಸೇತುವೆಯ ಹತ್ತಿರ ಅಳಿಯ ಗಾಡಿ ನಿಲ್ಲಿಸಿ ಮುಂಗೈ ತಿಕ್ಕಿಕೊಳ್ಳುತ್ತಿದ್ದ. ಬಗ್ಗಿ ಬಗ್ಗಿ ಮೈಯ ಭಾರವೆಲ್ಲ ಅಲ್ಲಿಗೇ ಇಳಿದಿತ್ತು, ಬೆರಳು ಜೋಮು ಹಿಡಿದು ಅರ್ಧ ತಾಸಿನಿಂದ ಅಲ್ಲೇ ಕೂತಿದ್ದನಂತೆ. ನನ್ನನ್ನು ಕಂಡವನೇ, ಅಂದರೆ ಕನ್ನಡಕದ ಹಿಂದೆ ನಾನೇ ಎಂದು ಗುರುತಿಸಿದವನೇ, ಗಾಡಿ ಹತ್ತಿದ. ಗದ್ದನಕೇರಿ, ಕೆರೂರು, ಬಾದಾಮಿ. ಅವನು ಹತ್ತೂ ಇಪ್ಪತ್ತೈದಕ್ಕೆ ಮುಟ್ಟಿದ. ನಾನು ಹತ್ತೂ ಮೂವತ್ತೆಂಟಕ್ಕೆ. ನಾಟಕದ ಟಿಕೆಟ್ ನನ್ನ ಪಾಲಿಗೆ ಬಂತು.

ಹೆಂಡತಿ ಕುಡಿಕೆ ನೋಡಿದಳು, ನನ್ನನ್ನು ನೋಡಿದಳು, ಏನೂ ಹೇಳದೆ ಮಜ್ಜಿಗೆಗೆ ಉಪ್ಪು ಹಾಕಿದಳು. ಕಾಲು ತೊಳೆದುಕೊಂಡು ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಲೆಕ್ಕ ಮಾಡುತ್ತಿದ್ದೆ. 120 ಕಿಲೋಮೀಟರಿಗೆ ಮೂರು ತಾಸು ಮೂವತ್ತೆಂಟು ನಿಮಿಷ. ಅಳಿಯನಿಗೆ ಮೂರು ತಾಸು ಇಪ್ಪತ್ತೈದು. ಅಳಿಯನ ಅಜ್ಜ ತಮ್ಮ ಹಳೆಯ ಮೊಪೆಡ್ ಒರೆಸುತ್ತ ಕೇಳಿದರು: ‘ಮಾಸ್ತರರೇ, ಎವರೇಜ್ ಎಷ್ಟು ಬಂತು?’

ಲೆಕ್ಕದ ಗುಂಗಿನಲ್ಲಿದ್ದವನು ‘33’ ಎಂದೆ.

‘ಇಷ್ಟು ದೊಡ್ಡ ಗಾಡಿಗೆ 33 ಎಂದರೆ ಒಳ್ಳೆಯದೇ. ಚೆನ್ನಾಗಿ ಇಟ್ಟುಕೊಂಡಿದ್ದೀರಿ.’ ಆಮೇಲೆ ಮೊಮ್ಮಗನ ಕಡೆ ತಿರುಗಿದರು. ‘ನಿನ್ನದು?’

ಅವನು ಗೆದ್ದ ಉತ್ಸಾಹದಲ್ಲಿ ‘35, ಅಜ್ಜಾ!’ ಎಂದ.

ಅಜ್ಜ ಒರೆಸುವ ಬಟ್ಟೆ ಕೆಳಗಿಟ್ಟರು. ‘ಅಷ್ಟು ಸಣ್ಣ ಗಾಡಿಗೆ ಬರೀ 35? ಪೆಟ್ರೋಲ್ ಸೋರುತ್ತಿರಬೇಕು. ಜಾತ್ರೆ ಆಮೇಲೆ ಮಾಡು, ಮೊದಲು ಮೆಕ್ಯಾನಿಕ್ಕಿಗೆ ತೋರಿಸಿಕೊಂಡು ಬಾ.’