ದೊಡ್ಡಪ್ಪನ ಕೆಂಪು ಪೆನ್ನು

ಕೆಲಸ ಸಿಗಬೇಕಾದರೆ ಮಾಡಿದ ಕೆಲಸ ತೋರಿಸಬೇಕು. ಮಾಡಿದ ಕೆಲಸ ತೋರಿಸಬೇಕಾದರೆ ಮೊದಲು ಕೆಲಸ ಸಿಗಬೇಕು. ಈ ಇಕ್ಕಟ್ಟಿಗೆ ಹೊಸ ಗ್ರಾಫಿಕ್ ಡಿಸೈನರುಗಳು ಕಂಡುಕೊಂಡಿರುವ ಉಪಾಯವೆಂದರೆ ಯಾರೂ ಕೇಳದ ಕೆಲಸ ಮಾಡಿ ಪೋರ್ಟ್‌ಫೋಲಿಯೊ ತುಂಬಿಸುವುದು. ಬೆಂಗಳೂರಿನ ಯಾವ ಹೊಸಬರದನ್ನು ತೆರೆದರೂ ಎಲ್ಲೂ ಇಲ್ಲದ ಒಂದು ಫಿಲ್ಟರ್ ಕಾಫಿ ಅಂಗಡಿಯ ಲೋಗೊ ಎದುರಾಗುತ್ತದೆ. ಆ ಅಂಗಡಿಗಳೆಲ್ಲ ನಿಜವಾಗಿ ಬಾಗಿಲು ತೆರೆದರೆ ಚಿಕ್ಕಮಗಳೂರಿನ ಬೀಜ ಸಾಲದು. ಮುಂದಿನ ಪುಟದಲ್ಲಿ ನಮ್ಮ ಮೆಟ್ರೊ ನಕ್ಷೆಯ ಮರುವಿನ್ಯಾಸ. ನನ್ನಲ್ಲಿ ಎರಡೂ ಇದ್ದವು.

ನಕ್ಷೆಯ ಮೇಲೆ ನನಗೆ ವಿಶೇಷ ಅಭಿಮಾನ. ಹ್ಯಾರಿ ಬೆಕ್ ಎಂಬವರು 1933ರ ತಮ್ಮ ಲಂಡನ್ ಮೆಟ್ರೊ ನಕ್ಷೆಯಲ್ಲಿ ನಿಲ್ದಾಣಗಳ ನಿಜವಾದ ದೂರವನ್ನು ಬದಿಗಿಟ್ಟು, ನೇರ ಗೆರೆ ಮತ್ತು 45 ಡಿಗ್ರಿ ಓರೆ ಗೆರೆಗಳಲ್ಲೇ ಮಾರ್ಗ ತೋರಿಸಿದ ಮೇಲೆ ಜಗತ್ತಿನ ಬಹುಪಾಲು ಮೆಟ್ರೊಗಳು ಅದೇ ದಾರಿ ಹಿಡಿದಿವೆ. ನಾನೂ ಹಿಡಿದೆ. ನೇರಳೆ, ಹಸಿರು ಕಣ್ಣಿಗೆ ಹಿತವಲ್ಲವೆಂದು ಮಾರ್ಗಗಳಿಗೆ ತಿಳಿಗುಲಾಬಿ ಮತ್ತು ಬೂದು ಬಳಿದೆ. ಸಂದರ್ಶನ ಮಾಡುತ್ತಿದ್ದ ಹಿರಿಯರು ಅದನ್ನು ಬಹಳ ಹೊತ್ತು ನೋಡಿ, "ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಎಂದು ರೈಲಿನಲ್ಲಿ ಹೇಳಿದಾಗ ನಿಮ್ಮ ಪ್ರಯಾಣಿಕ ಎಲ್ಲಿಗೆ ಹೋಗಬೇಕು?" ಎಂದು ಕೇಳಿದರು. ಆ ಮಾರ್ಗಕ್ಕೆ ಬಣ್ಣವೇ ಹೆಸರು. ನನ್ನ ಪ್ರಯಾಣಿಕ ಇನ್ನೂ ಮೆಜೆಸ್ಟಿಕ್‌ನಲ್ಲೇ ಅಲೆಯುತ್ತಿರಬೇಕು. "ನಿಜವಾದ ಗಿರಾಕಿಗೆ ಮಾಡಿದ್ದು ಏನಾದರೂ ಇದ್ದರೆ ಮತ್ತೆ ಬನ್ನಿ" ಎಂದು ನಯವಾಗಿ ಬಾಗಿಲು ತೋರಿಸಿದರು.

ಗಿರಾಕಿಯಾಗಿ ಒದಗಿದವರು ಚಿಕ್ಕಪ್ಪ. ಮಗಳ ಮದುವೆಯ ಆಮಂತ್ರಣ ಪತ್ರಿಕೆ. ಒಕ್ಕಣೆಯನ್ನು 'ನುಡಿ' ತಂತ್ರಾಂಶದ ಹಳೆಯ ಅಕ್ಷರದಲ್ಲಿ ಬೆರಳಚ್ಚು ಮಾಡಿಸಿ ಕಳುಹಿಸಿದ್ದರು. ಯುನಿಕೋಡ್ ಮಾತ್ರ ಬಲ್ಲ ನನ್ನ ಕಂಪ್ಯೂಟರಿನಲ್ಲಿ ಅದು ತೆರೆದಾಗ 'ನ' ಇದ್ದಲ್ಲೆಲ್ಲ ಪೌಂಡ್ ಚಿಹ್ನೆ. ಗಣೇಶಸ್ತುತಿಯಿಂದ ಊಟದ ಸಮಯದವರೆಗೆ ಬ್ರಿಟಿಷರ ಹಣ ಚೆಲ್ಲಾಡಿತ್ತು. ಎಲ್ಲವನ್ನೂ ಮತ್ತೆ ಬೆರಳಚ್ಚು ಮಾಡಿ, ನಡುವೆ ಧಾರಾಳವಾಗಿ ಬಿಳಿ ಜಾಗ ಬಿಟ್ಟು, ಒಂದೇ ಒಂದು ಮಾವಿನ ಎಲೆ ಇಟ್ಟು, ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ.

"ಇಷ್ಟು ಜಾಗ ಖಾಲಿ ಬಿಟ್ಟರೆ ಒತ್ತುವರಿಯಾಗುತ್ತದೆ" ಎಂದರು ಅಪ್ಪ. ಬೆಳಗಾಗುವುದರೊಳಗೆ ಆಯಿತು. ಅತ್ತೆ ಗಣಪತಿಯನ್ನು ಕೂರಿಸಿದರು, ಚಿಕ್ಕಮ್ಮ ಬಾಳೆಕಂಬ ನೆಟ್ಟರು, ಯಾರೋ ನಾದಸ್ವರದವರನ್ನೂ ಕರೆತಂದರು. ಸೋದರಮಾವ "ಎಲ್ಲ ಸರಿ, ಏನೋ ಕಳೆ ಸಾಲದು" ಎಂದು ಬರೆದು ನಿದ್ದೆ ಹೋದರು. ಟೀಕೆಗಳಲ್ಲಿ ನಾನು ಅತಿ ಹೆಚ್ಚು ಹೆದರುವುದು ಇದಕ್ಕೆ. ಕಳೆಯನ್ನು ಎಷ್ಟು ಪಾಯಿಂಟ್ ಏರಿಸಬೇಕೆಂದು ಯಾವ ಸಾಫ್ಟ್‌ವೇರ್ ಕೂಡ ಹೇಳುವುದಿಲ್ಲ.

ದೊಡ್ಡಪ್ಪನದು ಬೇರೆಯೇ ರೀತಿ. ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಪತ್ರಿಕೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಂಡು, ಕೆಂಪು ಪೆನ್ನಿನಲ್ಲಿ ತಿದ್ದಿ, ಫೋಟೊ ತೆಗೆದು ಕಳುಹಿಸಿದರು. ಮೊದಲ ಸುತ್ತು ಅವರ ಹೆಸರಿಗೇ: "ಕಲ್ಯಾಣ ಮಂಟಪದ ಹೆಸರು ನನ್ನ ಹೆಸರಿಗಿಂತ ದೊಡ್ಡದಾಗಿದೆ. ಮದುವೆಗೆ ಕರೆಯುತ್ತಿರುವುದು ಮಂಟಪವೋ, ನಾವೋ?" ಮುಖ್ಯವಾದದ್ದು ದೊಡ್ಡದಾಗಿ ಕಾಣಬೇಕೆಂದು ಡಿಸೈನ್ ಪಾಠದಲ್ಲಿ ನನಗೂ ಕಲಿಸಿದ್ದರು. ಮುಖ್ಯ ಯಾರು ಎಂದು ಕಲಿಸಿರಲಿಲ್ಲ, ಅಷ್ಟೆ.

ಎರಡನೆಯ ಸುತ್ತು 'ಲಕ್ಷ್ಮೀ'ಗೆ: "ಇವಳ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕುಳಿತಿದೆ." ಡಿಸೈನ್ ಸಾಫ್ಟ್‌ವೇರ್ ತಾನಾಗಿ ಕೊಡುವ ಸಾಲಂತರ ಸಾಮಾನ್ಯವಾಗಿ ಅಕ್ಷರದ ಗಾತ್ರದ ಶೇಕಡಾ 120. ಇಂಗ್ಲಿಷಿಗೆ ಸಾಕು, ನೆಲಮಾಳಿಗೆಯಲ್ಲೂ ಸಂಸಾರ ಹೂಡುವ ಕನ್ನಡಕ್ಕೆ ಇಕ್ಕಟ್ಟು. ಕನ್ನಡದಲ್ಲೇ ಓದಿ ಬೆಳೆದ ನಾನು ಅದನ್ನು ದೊಡ್ಡಪ್ಪನಿಂದ ತಿಳಿಯಬೇಕಾಯಿತು.

ಮೂರನೆಯದು ಮುಹೂರ್ತಕ್ಕೆ. ಸೊಗಸಾಗಿರಲೆಂದು ಅದನ್ನು ತೆಳು ಬೂದು ಬಣ್ಣದಲ್ಲಿ, ಸಣ್ಣಗೆ ಇಟ್ಟಿದ್ದೆ. "ಇದನ್ನು ಓದಿ ಮುಗಿಸುವಷ್ಟರಲ್ಲಿ ಧಾರೆ ಮುಗಿದಿರುತ್ತದೆ." ಜಾಲತಾಣಗಳ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1ರಷ್ಟು ವ್ಯತ್ಯಾಸವಿರಬೇಕೆಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯಿದೆ. ದೊಡ್ಡಪ್ಪನಿಗೆ ಆ ಮಾರ್ಗಸೂಚಿ ಗೊತ್ತಿಲ್ಲ. ಕಣ್ಣಿನ ಪೊರೆ ಗೊತ್ತು.

ಎಲ್ಲ ತಿದ್ದಿ ಸುಲ್ತಾನಪೇಟೆಯ ಮುದ್ರಕರ ಬಳಿಗೆ ಹೋದರೆ ಅಲ್ಲಿಯೂ ಪಾಠ. ಅಂಚಿನಾಚೆ ಕತ್ತರಿಸಲು 3 ಮಿಲಿಮೀಟರ್ ಬಿಟ್ಟಿರಲಿಲ್ಲ. ಪರದೆಯ ಮೇಲೆ ಮಿನುಗುತ್ತಿದ್ದ ಗುಲಾಬಿ, ನಾಲ್ಕು ಬಣ್ಣದ ಶಾಯಿಯಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. "ಮೊಬೈಲಿನ ಬೆಳಕನ್ನು ಕಾಗದದ ಮೇಲೆ ಅಚ್ಚು ಹಾಕಲು ನಮಗೆ ಬರುವುದಿಲ್ಲ ಸ್ವಾಮಿ" ಎಂದರು.

ಮದುವೆ ಮುಗಿದ ಮೇಲೆ ಕಾಫಿ ಅಂಗಡಿ ಮುಚ್ಚಿದೆ, ನಕ್ಷೆ ತೆಗೆದುಹಾಕಿದೆ. ಪೋರ್ಟ್‌ಫೋಲಿಯೊದಲ್ಲಿ ಆಮಂತ್ರಣ ಪತ್ರಿಕೆ ಇಟ್ಟು, ಅದರ ಪಕ್ಕದಲ್ಲೇ ದೊಡ್ಡಪ್ಪ ತಿದ್ದಿದ ಪ್ರತಿಯನ್ನೂ ಇಟ್ಟೆ. ಅದೇ ಹಿರಿಯರು ಪತ್ರಿಕೆಯನ್ನು ಕ್ಷಣದಲ್ಲಿ ದಾಟಿ, ಕೆಂಪು ಗುರುತುಗಳ ಮೇಲೆ ನಿಂತರು.

"ಇವರು ಯಾವ ಸಂಸ್ಥೆಯಲ್ಲಿದ್ದಾರೆ?"

"ನಿವೃತ್ತರು ಸರ್. ತಿಪಟೂರಿನಲ್ಲಿ ತೆಂಗಿನ ತೋಟ ನೋಡಿಕೊಳ್ಳುತ್ತಿದ್ದಾರೆ."

ಅವರು ನನ್ನ ಅರ್ಜಿಯನ್ನು ಬದಿಗೆ ಸರಿಸಿ, "ವಾರಕ್ಕೊಮ್ಮೆ ಬೆಂಗಳೂರಿಗೆ ಬರಲು ಒಪ್ಪಬಹುದೇ?" ಎಂದು ಕೇಳಿದರು.