ಅಪ್‌ಲೋಡ್ ಎಷ್ಟು ಅಂತ ಕೇಳಿದ್ದೀರಾ?

ಹೋದ ವಾರ ಅಕ್ಕ ಫೋನ್ ಮಾಡಿದಳು. "ನಮ್ಮನೆ ಇಂಟರ್ನೆಟ್ 100 ಎಂಬಿಪಿಎಸ್ ಕಣೋ, ಸಾಲ್ತಿಲ್ಲ. 300ರ ಪ್ಲ್ಯಾನ್‌ಗೆ ಹೋಗ್ಬಿಡ್ಲಾ?"

"ಏನಾಗ್ತಿದೆ?" ಅಂದೆ.

"ಸಂಜೆ ಮೀಟಿಂಗ್‌ನಲ್ಲಿ ನನ್ನ ಮಾತು ಕಟ್ ಕಟ್ ಆಗುತ್ತಂತೆ. ನಿನ್ನೆ ನನ್ನ ವಿಡಿಯೊ ಹಾಗೇ ನಿಂತ್ಬಿಟ್ಟಿದೆ. ನನಗೆ ಗೊತ್ತೇ ಆಗಲಿಲ್ಲ. ಎರಡು ನಿಮಿಷ ಒಬ್ಬಳೇ ಮಾತಾಡ್ತಿದ್ದೆ."

"ನಿನಗೆ ಅವರೆಲ್ಲ ಸರಿಯಾಗಿ ಕಾಣಿಸ್ತಿದ್ರಾ?"

"ಕಾಣಿಸ್ತಿದ್ರು. ಅದಕ್ಕೇನೂ ತೊಂದರೆ ಇರಲಿಲ್ಲ."

ಈ ಕೊನೆಯ ಮಾತಲ್ಲೇ ಸುಳಿವು ಸಿಕ್ಕಿತು. ಅವರ ವಿಡಿಯೊ ಅವಳಿಗೆ ಬರ್ತಿದೆ ಅಂದ್ರೆ ಡೌನ್‌ಲೋಡ್ ಚೆನ್ನಾಗೇ ಇದೆ. ಅವಳದ್ದು ಅವರಿಗೆ ಹೋಗ್ತಿಲ್ಲ. ಅಂದ್ರೆ ತೊಂದರೆ ಇರುವುದು ಅಪ್‌ಲೋಡ್‌ನಲ್ಲಿ.

ಮರುದಿನ ಸಂಜೆ ಏಳಕ್ಕೆ ಅವಳ ಮನೆಗೆ ಹೋದೆ. ಬೇಕಂತಲೇ ಆ ಹೊತ್ತಿಗೆ ಹೋದೆ. ಲ್ಯಾಪ್‌ಟಾಪನ್ನು ಕೇಬಲ್ ಹಾಕಿ ನೇರ ರೂಟರ್‌ಗೆ ಚುಚ್ಚಿ ಸ್ಪೀಡ್ ಟೆಸ್ಟ್ ಮಾಡಿದೆ. ಡೌನ್‌ಲೋಡ್ 91. ಅಪ್‌ಲೋಡ್ ಒಂದೂ ಮುಟ್ಟಲಿಲ್ಲ, 0.8. ಅವಳ ಪ್ಲ್ಯಾನ್‌ನಲ್ಲಿ ಅಪ್‌ಲೋಡ್ ಇರುವುದೇ 10. ಅದನ್ನೂ ಯಾರೋ ತಿನ್ನುತ್ತಿದ್ದರು.

ಮನೆಯ ಫೋನ್‌ಗಳನ್ನೆಲ್ಲ ಟೇಬಲ್ ಮೇಲೆ ಇಟ್ಟು ಒಂದೊಂದಾಗಿ ನೋಡಿದೆವು. ಅಕ್ಕನ ಮಗ ಆಟ ಮುಗಿಸಿ ಬಂದು ವೈಫೈಗೆ ಸೇರಿದ ಕೂಡಲೇ ಅವನ ಫೋನ್ ಅವತ್ತು ತೆಗೆದ ವಿಡಿಯೊಗಳನ್ನೆಲ್ಲ ಕ್ಲೌಡ್‌ಗೆ ಕಳಿಸೋಕೆ ಶುರು ಮಾಡುತ್ತಿತ್ತು. ದಿನಾ ಅದೇ ಹೊತ್ತಿಗೆ ಅಕ್ಕನ ಮೀಟಿಂಗ್. ಬ್ಯಾಕಪ್ ನಿಲ್ಲಿಸಿ ಮತ್ತೆ ಟೆಸ್ಟ್ ಮಾಡಿದೆ. ಅಪ್‌ಲೋಡ್ 9.6 ಬಂತು.

ಲೆಕ್ಕ ನೋಡಿ. ಫೋನ್‌ನಲ್ಲಿ ತೆಗೆದ 4ಕೆ, ಅಂದ್ರೆ ತುಂಬಾ ಸ್ಪಷ್ಟವಾದ ವಿಡಿಯೊ ನಿಮಿಷಕ್ಕೆ 350 ಎಂಬಿವರೆಗೂ ಆಗಬಹುದು. 10 ಎಂಬಿಪಿಎಸ್ ಅಂದ್ರೆ ಸೆಕೆಂಡಿಗೆ 10 ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಸೆಕೆಂಡಿಗೆ ಹೋಗುವುದು 1.25 ಎಂಬಿ ಮಾತ್ರ. ಹತ್ತು ನಿಮಿಷದ ವಿಡಿಯೊ ಮೇಲೆ ಹೋಗೋಕೆ ಮುಕ್ಕಾಲು ಗಂಟೆ ಬೇಕು. ಅಷ್ಟು ಹೊತ್ತೂ ಅಕ್ಕನ ಮಾತು ಆ ವಿಡಿಯೊದ ಹಿಂದೆ ಸಾಲಿನಲ್ಲಿ ನಿಂತಿರುತ್ತದೆ. ಮಾತಿಗೆ ಬೇಕಾದ ಡೇಟಾ ಚೂರೇ ಚೂರು, ಆದರೆ ಅದು ತಡವಾಗಿ ಹೋದರೆ ಏನೂ ಪ್ರಯೋಜನ ಇಲ್ಲ.

ಅವಳು ತಗೊಳ್ಳೋಕೆ ಹೊರಟಿದ್ದ 300ರ ಪ್ಲ್ಯಾನ್ ತೆಗೆದು ನೋಡಿದೆ. ಅದರಲ್ಲೂ ಅಪ್‌ಲೋಡ್ ಅದೇ 10! ಜಾಸ್ತಿ ದುಡ್ಡು ಕೊಟ್ಟ ಮೇಲೂ ಅವಳ ಮಾತು ಹಾಗೇ ಕಟ್ ಆಗ್ತಿತ್ತು. ನನಗೆ ಸಿಟ್ಟು ಬಂದಿದ್ದು ಇದಕ್ಕೇ. ಪ್ಲ್ಯಾನ್ ಮಾರುವವರು ಡೌನ್‌ಲೋಡನ್ನು ದಪ್ಪ ಅಕ್ಷರದಲ್ಲಿ ಬರೆಯುತ್ತಾರೆ, ಅಪ್‌ಲೋಡನ್ನು ಹುಡುಕಿ ಓದಬೇಕು. ಕೇಬಲ್ ಟಿವಿಯ ತಂತಿಯಲ್ಲಿ ಬರುವ ಇಂಟರ್ನೆಟ್‌ನಲ್ಲಿ ಈ ವ್ಯತ್ಯಾಸ ಜಾಸ್ತಿ. ಆ ತಂತಿ ಎಳೆದಿದ್ದೇ ಮನೆಗೆ ಚಿತ್ರ ಕಳಿಸೋಕೆ, ಮನೆಯಿಂದ ಹೊರಗೆ ಹೋಗುವುದಕ್ಕೆ ಜಾಗ ಇಟ್ಟಿದ್ದು ಕಡಿಮೆ. ಫೈಬರ್‌ನಲ್ಲಿ ಎರಡೂ ಕಡೆ ಒಂದೇ ವೇಗ ಕೊಡಬಹುದು, ಆದರೂ ಎಲ್ಲ ಪ್ಲ್ಯಾನ್‌ನಲ್ಲೂ ಕೊಡುವುದಿಲ್ಲ. ಅದನ್ನೂ ಕೇಳಿಯೇ ತಗೊಳ್ಳಬೇಕು.

ಅಮೆರಿಕದ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2015ರಲ್ಲಿ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಡೌನ್‌ಲೋಡ್ 25, ಅಪ್‌ಲೋಡ್ 3 ಇರಬೇಕು ಅಂದಿತ್ತು. 2024ರಲ್ಲಿ ಅದನ್ನು 100 ಮತ್ತು 20 ಮಾಡಿತು. ಡೌನ್‌ಲೋಡ್ ನಾಲ್ಕು ಪಟ್ಟು ಏರಿತು, ಅಪ್‌ಲೋಡ್ ಸುಮಾರು ಏಳು ಪಟ್ಟು. ನಮ್ಮ ಮನೆಗಳಿಂದ ಹೊರಗೆ ಹೋಗುವುದು ಎಷ್ಟು ಹೆಚ್ಚಾಗಿದೆ ಅಂತ ಇದರಲ್ಲೇ ಗೊತ್ತಾಗುತ್ತೆ, ಅಲ್ವಾ? ವಿಡಿಯೊ ಕಾಲ್, ಫೋಟೊ ಬ್ಯಾಕಪ್, ಬಾಗಿಲ ಮುಂದಿನ ಕ್ಯಾಮೆರಾ, ಎಲ್ಲವೂ ಅಪ್‌ಲೋಡ್‌ನಲ್ಲೇ ಹೋಗಬೇಕು.

ಇನ್ನು ಡೌನ್‌ಲೋಡ್. ಮನೆಯಲ್ಲಿ ಎಷ್ಟು ಫೋನ್ ಇವೆ ಅಂತ ಎಣಿಸಬೇಡಿ. ಎಲ್ಲರೂ ಮನೆಯಲ್ಲಿರುವ ಹೊತ್ತಿನಲ್ಲಿ ಒಟ್ಟಿಗೆ ಏನೇನು ಓಡ್ತಿರುತ್ತೆ ಅಂತ ನೋಡಿ. ನೆಟ್‌ಫ್ಲಿಕ್ಸ್ ಹೇಳುವ ಪ್ರಕಾರ ಫುಲ್ ಎಚ್‌ಡಿಗೆ 5 ಎಂಬಿಪಿಎಸ್ ಸಾಕು, 4ಕೆಗೆ 15. ಟಿವಿಯಲ್ಲಿ ಒಂದು 4ಕೆ, ಎರಡು ಫೋನ್‌ನಲ್ಲಿ ಎಚ್‌ಡಿ, ಒಂದು ವಿಡಿಯೊ ಕಾಲ್‌ಗೆ 4, ಉಳಿದ ಸಣ್ಣಪುಟ್ಟದ್ದಕ್ಕೆ 10 ಅಂತ ಇಟ್ಟರೂ 40ರ ಹತ್ತಿರ. ನಾಲ್ಕು ಜನರ ಮನೆಗೆ 100 ಧಾರಾಳ. ದೊಡ್ಡ ಗೇಮ್ ಇಳಿಸಿಕೊಳ್ಳುವವರ ಲೆಕ್ಕ ಬೇರೆ. 50 ಜಿಬಿ ಇಳಿಸೋಕೆ 100ರಲ್ಲಿ ಒಂದು ಗಂಟೆಗೂ ಜಾಸ್ತಿ, 300ರಲ್ಲಿ ಸುಮಾರು 22 ನಿಮಿಷ. ವಾರಕ್ಕೆರಡು ಸಲ ಅದೇ ಕೆಲಸ ಇದ್ದರೆ ದೊಡ್ಡ ಪ್ಲ್ಯಾನ್ ತಗೊಳ್ಳಿ. ಯಾವಾಗಲೋ ಒಮ್ಮೆ ಅಂದ್ರೆ ರಾತ್ರಿ ಹಾಕಿ ಮಲಗಿದರಾಯ್ತು. ಆನ್‌ಲೈನ್‌ನಲ್ಲಿ ಆಡುವುದಕ್ಕೆ ಮಾತ್ರ ಹೆಚ್ಚು ವೇಗ ಬೇಕಿಲ್ಲ, ಅಲ್ಲಿ ನೋಡಬೇಕಾದ್ದು ಪಿಂಗ್, ಅಂದ್ರೆ ಸಂದೇಶ ಹೋಗಿ ಉತ್ತರ ಬರೋಕೆ ಹಿಡಿಯುವ ಸಮಯ.

ಅಕ್ಕನ ಮನೆಯಲ್ಲಿ ಇನ್ನೊಂದು ತಾಪತ್ರಯ ಇತ್ತು. ರೂಟರ್ ಹತ್ತಿರ 91 ಬರುವ ಡೌನ್‌ಲೋಡ್ ಒಳಗಿನ ರೂಮಿನಲ್ಲಿ 14. ರೂಟರ್ ಇಟ್ಟಿದ್ದು ಟಿವಿ ಹಿಂದೆ, ಪಕ್ಕದಲ್ಲೇ ಕಬ್ಬಿಣದ ಬೀರು. ರೂಟರನ್ನು ತೆಗೆದು ಮನೆ ಮಧ್ಯದ ಶೆಲ್ಫ್ ಮೇಲೆ ಇಟ್ಟು, ಲ್ಯಾಪ್‌ಟಾಪನ್ನು 5 ಗಿಗಾಹರ್ಟ್ಸ್ ವೈಫೈಗೆ ಸೇರಿಸಿದೆ. ಅದೇ ರೂಮಿನಲ್ಲಿ 62 ಬಂತು. 5 ಗಿಗಾಹರ್ಟ್ಸ್‌ಗೆ ವೇಗ ಜಾಸ್ತಿ, ಗೋಡೆ ದಾಟುವ ಶಕ್ತಿ ಕಡಿಮೆ. ಹಾಗಾಗಿ ತೀರಾ ದೂರದ ರೂಮಿಗೆ 2.4 ಗಿಗಾಹರ್ಟ್ಸ್ ವೈಫೈ ವಾಸಿ.

ಈಗಾಗಲೇ 200, 300ರ ಪ್ಲ್ಯಾನ್ ಇರುವವರು ಕೇಬಲ್ ಹಾಕಿ ಒಮ್ಮೆ ಟೆಸ್ಟ್ ಮಾಡಿ. ಯಾವಾಗ ನೋಡಿದರೂ 94ರ ಆಸುಪಾಸಿನಲ್ಲೇ ನಿಲ್ಲುತ್ತಿದ್ದರೆ ಹೆಚ್ಚಾಗಿ ರೂಟರ್‌ನಲ್ಲಿ ಕೇಬಲ್ ಚುಚ್ಚುವ ಪೋರ್ಟ್ ಹಳೆಯದು, 100 ಎಂಬಿಪಿಎಸ್‌ವರೆಗೆ ಮಾತ್ರ ಕೊಡುವಂಥದ್ದು. ಇಲ್ಲವೇ ಕೇಬಲ್‌ನೊಳಗಿನ ಎಂಟು ತಂತಿಗಳಲ್ಲಿ ಯಾವುದೋ ಕಿತ್ತುಹೋಗಿರುತ್ತೆ. ಅದನ್ನು ಬದಲಾಯಿಸದೆ 500ಕ್ಕೆ ಹೋದರೂ ಬರುವುದು ಅದೇ 94.

ಅಕ್ಕ ಈಗಲೂ 100ರಲ್ಲೇ ಇದ್ದಾಳೆ. ಮಗನ ಬ್ಯಾಕಪ್ ರಾತ್ರಿ ಚಾರ್ಜ್‌ಗೆ ಹಾಕಿದಾಗ ಮಾತ್ರ ಓಡುವ ಹಾಗೆ ಮಾಡಿದ್ದೇವೆ. ಎರಡೂ ಕಡೆ 50 ಕೊಡುವ ಫೈಬರ್ ಸಿಕ್ಕರೆ ಅದಕ್ಕೆ ಹೋಗು ಅಂದಿದ್ದೇನೆ, ಅವಳ ಕೆಲಸಕ್ಕೆ 300ಕ್ಕಿಂತ ಅದೇ ಮೇಲು. ನಿನ್ನೆ ಒಂದು ಕಂಪನಿಗೆ ಫೋನ್ ಮಾಡಿ ಅಪ್‌ಲೋಡ್ ಎಷ್ಟು ಅಂತ ಕೇಳಿದಳಂತೆ. ಆ ಕಡೆಯವರು ಎರಡು ಸಲ ಡೌನ್‌ಲೋಡನ್ನೇ ಹೇಳಿದರಂತೆ. ಮೂರನೇ ಸಲ "ಒಂದ್ನಿಮಿಷ ಮೇಡಂ, ನೋಡಿ ಹೇಳ್ತೀನಿ" ಅಂದರಂತೆ.